4×6 ಸಾಕಾ, 8×10 ಬೇಕಾ? ನಮ್ಮ ಕಡೆಯ ಮನೆಗಳಿಗೆ ಕಾರ್ಪೆಟ್ ಅಳತೆ

ಎರಡು ವರ್ಷದ ಕೆಳಗೆ, ದೀಪಾವಳಿಗೆ ಮುಂಚೆ, ಹಾಸನದ ಒಂದು ಅಂಗಡಿಯಿಂದ 4×6 ಅಡಿಯ ಕಾರ್ಪೆಟ್ ತಂದೆ. ಅಂಗಡಿಯ ಗೋಡೆಗೆ ನೇತುಹಾಕಿದ್ದಾಗ ಅದು ಎಷ್ಟು ದೊಡ್ಡದಾಗಿ ಕಂಡಿತ್ತೆಂದರೆ, ಚಿಕ್ಕಮಗಳೂರು ಬಸ್ಸಿನಲ್ಲಿ ಇಡೋಕೆ ಬಿಡ್ತಾರೋ ಇಲ್ಲವೋ ಅಂತ ಯೋಚನೆಯಾಗಿತ್ತು. ಮನೆಗೆ ತಂದು ನಮ್ಮ 12×15ರ ಹಾಲಿನ ನಡುವೆ ಬಿಡಿಸಿದರೆ, ಟೀಪಾಯಿಯ ನಾಲ್ಕು ಕಾಲಿಗೆ ಸರಿಹೋಯಿತು, ಮನುಷ್ಯರ ಕಾಲಿಗೆ ಸಿಗಲಿಲ್ಲ. ಸೋಫಾದಲ್ಲಿ ಕೂತವರ ಪಾದವೆಲ್ಲ ತಣ್ಣನೆ ಟೈಲ್ಸ್ ಮೇಲೇ. ಅತ್ತೆ ಒಂದು ಸಲ ನೋಡಿ, "ಟೀಪಾಯಿಗೆ ಕರ್ಚೀಫು ಹಾಸಿದ್ದೀಯೇನಮ್ಮಾ?" ಅಂದರು.

ತಪ್ಪು ನನ್ನದೇ. ಬಣ್ಣ ನೋಡಿದೆ, ಹೂವು ನೋಡಿದೆ, ಅಳತೆ ತಗೊಂಡು ಹೋಗಿರಲಿಲ್ಲ. ಆಮೇಲೆ ಮನೆಯವರು, ತೌರಿನವರು, ಹೊಸ ಮನೆ ಕಟ್ಟಿಸಿದ ಗೆಳತಿಯರು ಅಂತ ಒಬ್ಬೊಬ್ಬರ ಹಾಲಿನಲ್ಲೂ ಟೇಪು ಹಿಡಿದು ಓಡಾಡಿದ್ದೇನೆ. ಈಗ ವಾರಕ್ಕೊಬ್ಬರಾದರೂ ಕೇಳುತ್ತಾರೆ, "5×8 ತಗೊಳ್ಳಲಾ, 6×9 ತಗೊಳ್ಳಲಾ?" ಅಂತ. ಒಂದೇ ಮಾತಿನ ಉತ್ತರ ಇದಕ್ಕಿಲ್ಲ. ನಾನು ಹೇಗೆ ತೂಗಿ ನೋಡುತ್ತೇನೆ ಅನ್ನೋದನ್ನ ಹೇಳ್ತೀನಿ.

ಮೊದಲು ಹೆಸರಿನ ಗೊಂದಲ ಕಳೆಯೋಣ. ಆನ್‌ಲೈನಿನಲ್ಲಿ ಇದಕ್ಕೆ ಏರಿಯಾ ರಗ್ ಅಂತ ಬರೆದಿರುತ್ತೆ. ನಮ್ಮ ಕಡೆ ರಗ್ಗು ಅಂದರೆ ಚಳಿಗೆ ಹೊದೆಯೋದು, ನೆಲಕ್ಕೆ ಹಾಸೋದಲ್ಲ. ಹಾಗಾಗಿ ನೂಲು ಮೇಲಕ್ಕೆ ನಿಂತು ಮೆತ್ತಗಿರುವುದನ್ನು ಕಾರ್ಪೆಟ್ ಅಂತಲೂ, ಚಪ್ಪಟೆ ನೇಯ್ಗೆಯ ಹತ್ತಿಯದನ್ನು ಜಮಖಾನ ಅಂತಲೂ ಕರೆಯುತ್ತೇನೆ.

ಅಳೆಯುವ ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲರೂ ಕೋಣೆ ಅಳೆಯುತ್ತಾರೆ. ಅಳೆಯಬೇಕಾದ್ದು ಕೋಣೆಯನ್ನಲ್ಲ, ಸಾಮಾನು ಇಟ್ಟ ಮೇಲೆ ಉಳಿಯುವ ಬರಿ ನೆಲವನ್ನು. ಹಾಲು 12 ಅಡಿ ಅಗಲ ಅಂತಿಟ್ಟುಕೊಳ್ಳಿ. ಒಂದು ಗೋಡೆಗೆ ಸೋಫಾ, ಅದು 3 ಅಡಿ ತಿನ್ನುತ್ತೆ. ಎದುರು ಗೋಡೆಗೆ ಟಿವಿ ಸ್ಟ್ಯಾಂಡು, ಒಂದೂವರೆ ಅಡಿ. ಉಳಿದದ್ದು ಏಳೂವರೆ ಅಡಿ. ಕಾರ್ಪೆಟ್ಟಿನ ಲೆಕ್ಕವೆಲ್ಲ ಆ ಏಳೂವರೆ ಅಡಿಯಲ್ಲೇ ನಡೆಯಬೇಕು.

ಎರಡನೆಯದು ಸೋಫಾದ ಕಾಲು. ಮೂರು ರೀತಿ ಹಾಸಬಹುದು: ನಾಲ್ಕು ಕಾಲೂ ಕಾರ್ಪೆಟ್ ಮೇಲೆ, ಮುಂದಿನ ಎರಡು ಕಾಲು ಮಾತ್ರ ಮೇಲೆ, ಯಾವ ಕಾಲೂ ಮೇಲಿಲ್ಲ. ಮೂರನೆಯದು ನಾನು ಮಾಡಿದ ಕರ್ಚೀಫು. ಮುಂದಿನ ಕಾಲು ಒಂದು ಏಳೆಂಟು ಇಂಚು ಒಳಗೆ ಬಂದರೂ ಸಾಕು, ಕಾರ್ಪೆಟ್ಟಿಗೂ ಸೋಫಾಕ್ಕೂ ಒಂದು ಸಂಬಂಧ ಬರುತ್ತೆ, ಮೇಲಾಗಿ ಅದು ಜಾರೋದೂ ಇಲ್ಲ. ಸೋಫಾದ ಉದ್ದಕ್ಕೂ ಎರಡು ಕಡೆ ಕನಿಷ್ಠ ಅರ್ಧರ್ಧ ಅಡಿ ಹೆಚ್ಚಿರಬೇಕು. ಮೂರು ಜನ ಕೂರುವ ಸೋಫಾ ಸಾಮಾನ್ಯವಾಗಿ ಆರೂವರೆಯಿಂದ ಏಳು ಅಡಿ ಇರೋದರಿಂದ, ಆ ಕಡೆಗೆ 8 ಅಡಿಗಿಂತ ಕಮ್ಮಿ ಆಗಬಾರದು.

ಮೂರನೆಯದು ಬಾಗಿಲು. ಕಾರ್ಪೆಟ್ ಬಾಗಿಲಿನ ಓಟದೊಳಗೆ ಬಂದರೆ, ಬಾಗಿಲ ಕೆಳಗಿನ ಸಂದಿ ನೋಡಿ. ನನ್ನ ಪರೀಕ್ಷೆ ಸುಲಭದ್ದು: ಕಾರ್ಪೆಟ್ಟಿನಷ್ಟೇ ದಪ್ಪದ ಪುಸ್ತಕ, ಹಳೇ ಪಂಚಾಂಗವೋ ಮತ್ತೊಂದೋ, ನೆಲದ ಮೇಲಿಟ್ಟು ಬಾಗಿಲು ಆಡಿಸಿ. ತಾಗಿದರೆ ಅಳತೆ ಒಂದು ಸುತ್ತು ಇಳಿಸಬೇಕು, ಇಲ್ಲ ಜಮಖಾನಕ್ಕೆ ಹೋಗಬೇಕು. ಎತ್ತರದ ಹೊಸ್ತಿಲಿರುವ ಹಳೇ ಮನೆಗಳಲ್ಲಿ ಈ ತಾಪತ್ರಯ ಕಮ್ಮಿ. ವಾರ್ಡ್‌ರೋಬಿನ ಬಾಗಿಲನ್ನಂತೂ ಎಲ್ಲರೂ ಮರೆಯುತ್ತಾರೆ.

ನಾಲ್ಕನೆಯದು, ನೆಲದ ಮೇಲೆ ಕೂರುವವರು. ಸತ್ಯನಾರಾಯಣ ಪೂಜೆ, ಭಜನೆ, ಅರಿಶಿನ-ಕುಂಕುಮಕ್ಕೆ ಬಂದವರು, ರಜೆಗೆ ಬಂದ ಮಕ್ಕಳು. ಚಕ್ಕಂಬಕ್ಕಳ ಹಾಕಿ ಕೂತವರಿಗೆ ತಲೆಗೆ ಎರಡರಿಂದ ಎರಡೂವರೆ ಅಡಿ ಬೇಕು. ನನ್ನ ಲೆಕ್ಕದಲ್ಲಿ 6×9ರ ಮೇಲೆ ಎರಡು ಸಾಲಿನಲ್ಲಿ ಎಂಟು ಜನ, 8×10ರ ಮೇಲೆ ಮೂರು ಸಾಲಿನಲ್ಲಿ ಹನ್ನೆರಡು ಜನ ಆರಾಮ.

ಐದನೆಯದು ಮಳೆ. ಅಳತೆಯ ಬಗ್ಗೆ ಬರೆಯುವವರು ಯಾರೂ ಇದನ್ನು ಹೇಳೋದೇ ಇಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಆರಿದ್ರಾ ಮಳೆ ಹಿಡಿದರೆ ನೆಲ ಬೆವರುತ್ತೆ. ಪುನರ್ವಸು, ಪುಷ್ಯ ಮುಗಿಯೋ ಹೊತ್ತಿಗೆ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ರೇಷ್ಮೆ ಸೀರೆಯ ಡಬ್ಬಿ ಎಲ್ಲದರ ಮೇಲೂ ಬೂಷ್ಟು. ನೆಲಕ್ಕೆ ಅಂಟಿಕೊಂಡು ಬಿದ್ದಿರೋ ಕಾರ್ಪೆಟ್ಟನ್ನು ಅದು ಬಿಡುತ್ತಾ? ತೌರುಮನೆ ಸಕಲೇಶಪುರದ ಹತ್ತಿರ. ಅಲ್ಲಿ ಅಣ್ಣ ಒಂದು 9×12 ಹಾಕಿಸಿದ್ದ, ಸೋಫಾ, ಟಿವಿ ಸ್ಟ್ಯಾಂಡು ಎಲ್ಲಾ ಅದರ ಮೇಲೇ. ಆಗಸ್ಟಿನಲ್ಲಿ ಹಾಲಿಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಒಂದು ಮೂಲೆ ಎತ್ತಿ ನೋಡಿದರೆ ಅಡಿಯ ಬಟ್ಟೆಯ ಮೇಲೆ ಕರಿ ಚುಕ್ಕಿ, ಕೆಂಪು ಕಾವಿ ನೆಲದ ಮೇಲೆ ಬಿಳೀ ಬೂದಿ ಹಚ್ಚಿದ ಹಾಗೆ ಒಂದು ಪದರ. ಹೊರಗೆ ಹಾಕೋಣ ಅಂದರೆ ಸೋಫಾ ಎತ್ತಬೇಕು, ಅದಕ್ಕೆ ತೋಟದಿಂದ ಇಬ್ಬರು ಬರಬೇಕು, ಬಂದರೂ ಬಿಸಿಲೆಲ್ಲಿ? ಗಣಪತಿ ಹಬ್ಬ ಕಳೆಯೋವರೆಗೂ ಅದು ಹಾಗೇ ಬಿದ್ದಿತ್ತು.

ಅದಕ್ಕೇ ನನ್ನ ಮಟ್ಟಿಗೆ ಮೇಲಿನ ಅಳತೆಗಳನ್ನೆಲ್ಲ ಮೀರಿಸುವ ಒಂದು ಅಳತೆ ಇದೆ. ಮನೆಯಲ್ಲಿ ದಿನಾ ಇರುವವರು ತಾವೇ ಸುತ್ತಿ, ಎತ್ತಿ, ಹೊರಗೆ ಹಾಕಲು ಆಗದ ಕಾರ್ಪೆಟ್, ಕೋಣೆಗೆ ಎಷ್ಟೇ ಸರಿಯಾಗಿ ಕೂತರೂ, ಮಲೆನಾಡಿನ ಮನೆಗೆ ದೊಡ್ಡದಾಯಿತು ಅಂತಲೇ ಅರ್ಥ. ಕಡೂರು, ಅರಸೀಕೆರೆ ಕಡೆಯವರಿಗೆ ಈ ಭಯವಿಲ್ಲ. ಅಲ್ಲಿ ಶತ್ರು ಧೂಳು. ಧೂಳಿಗೂ ದೊಡ್ಡದನ್ನು ಕೊಡವೋದು ಕಷ್ಟವೇ, ಆದರೆ ವರ್ಷಪೂರ್ತಿ ಹಾಸಿಯೇ ಇಡಬಹುದು.

ಒಂದೊಂದಾಗಿ ತೂಗೋಣ

ಅಂಗಡಿಗಳಲ್ಲಿ ಸಿದ್ಧವಾಗಿ ಸಿಗೋದು ಹೆಚ್ಚಾಗಿ 3×5, 4×6, 5×8, 6×9, 8×10, 9×12. ಬೆಲೆ ಓಡೋದು ಚದರಡಿಯ ಮೇಲೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಚದರಡಿಗೆ 100 ರೂಪಾಯಿ ಇಟ್ಟುಕೊಂಡರೆ 4×6ಕ್ಕೆ 2,400, 5×8ಕ್ಕೆ 4,000, 6×9ಕ್ಕೆ 5,400, 8×10ಕ್ಕೆ 8,000, 9×12ಕ್ಕೆ 10,800. ನಿಮ್ಮ ಕಾರ್ಪೆಟ್ಟಿನ ದರ ಇದಕ್ಕಿಂತ ಹೆಚ್ಚೋ ಕಮ್ಮಿಯೋ ಇರಲಿ, ಏರುವ ರೀತಿ ಇದೇ. 5×8ರಿಂದ 8×10ಕ್ಕೆ ಹೋದರೆ ದುಡ್ಡು ಸರಿಯಾಗಿ ಎರಡರಷ್ಟು. ಕಣ್ಣಿಗೆ ಎರಡರಷ್ಟು ಅಂತ ಅನ್ನಿಸದೇ ಇರೋದರಿಂದ ಬಿಲ್ಲು ನೋಡಿದಾಗ ಎದೆ ಧಸಕ್ಕೆನ್ನುತ್ತೆ.

4×6 ಹಾಲಿಗಲ್ಲ, ಅಷ್ಟೆ. ಎರಡು ಬೆತ್ತದ ಕುರ್ಚಿ ಹಾಕಿದ ಜಗಲಿಯ ಮೂಲೆಗೆ, ಓದುವ ಮೇಜಿನ ಮುಂದಕ್ಕೆ, ಮಂಚದ ಪಕ್ಕಕ್ಕೆ ಒಳ್ಳೆಯದು. ನನ್ನದು ಈಗ ಅತ್ತೆಯ ಮಂಚದ ಪಕ್ಕದಲ್ಲಿದೆ. ಪುಷ್ಯ ಮಾಸದ ಬೆಳಗಿನ ಚಳಿಯಲ್ಲಿ ಕಾಲು ಇಳಿಸಿದ ಕೂಡಲೇ ಬೆಚ್ಚಗೆ ಸಿಗುತ್ತೆ.

5×8 ಬಗ್ಗೆ ಜನರಿಗೆ ಅನುಮಾನ ಹೆಚ್ಚು, ನನಗೆ ಗೌರವ ಹೆಚ್ಚು. 5 ಅಡಿ ಅಗಲ ಸಾಕಾಗುತ್ತಾ ಅಂತ ನೀವೇ ಕೂಡಿ ನೋಡಿ. ಸೋಫಾದ ಮುಂಗಾಲು ಎಂಟು ಇಂಚು ಒಳಗೆ, ಅಲ್ಲಿಂದ ಟೀಪಾಯಿಗೆ ಕಾಲಾಡಿಸಲು ಹದಿನಾರು ಇಂಚು, ಟೀಪಾಯಿ ಎರಡಡಿ, ಅದರಾಚೆ ಒಂದಡಿ. ಸರಿಯಾಗಿ ಐದಡಿ. ಉದ್ದ 8 ಅಡಿ, ಏಳಡಿ ಸೋಫಾಕ್ಕೆ ಆಚೀಚೆ ಅರ್ಧರ್ಧ ಅಡಿ ಉಳಿಯುತ್ತೆ. ಅಂದರೆ 10×12ರ ಹಾಲಿಗೆ, ಒಂದೇ ಸೋಫಾ ಇರುವ ಮನೆಗೆ ಇದು ತುಂಬಾ ಹಿಡಿತದ ಅಳತೆ. ಹಾಸನದಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ, ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ನಾನು ಬೇರೆ ಹೇಳೋದೇ ಇಲ್ಲ. ಇವತ್ತು ಹಾಲಿನಲ್ಲಿದ್ದದ್ದು ನಾಳೆ ದೊಡ್ಡ ಮನೆಗೆ ಹೋದರೆ ಮಲಗುವ ಕೋಣೆಗಾದರೂ ಆಗುತ್ತೆ. ಒಬ್ಬರೇ ಸುತ್ತಿ ಹೆಗಲಿಗೆ ಹಾಕಿಕೊಳ್ಳಬಹುದು. ಎದುರುಬದುರು ಸೋಫಾ, ಪಕ್ಕದಲ್ಲೆರಡು ಕುರ್ಚಿ ಇದ್ದರೆ ಮಾತ್ರ ಇದು ಒಂದು ಕಡೆಯವರ ಕಾರ್ಪೆಟ್ ಆಗಿಬಿಡುತ್ತೆ.

6×9 ನಮ್ಮ 12 ಅಡಿ ಹಾಲುಗಳಿಗೆ ಹೇಳಿ ಮಾಡಿಸಿದ್ದು. ಮೇಲೆ ಹೇಳಿದ ಏಳೂವರೆ ಅಡಿ ಬರಿ ನೆಲಕ್ಕೆ ಹಚ್ಚಿ ನೋಡಿ: ಎಂಟು ಇಂಚು ಸೋಫಾದಡಿ ಹೋದರೆ ಹೊರಗೆ ಕಾಣೋದು ಐದೂ ಕಾಲು ಅಡಿ ಚಿಲ್ಲರೆ. ಟಿವಿ ಸ್ಟ್ಯಾಂಡಿನ ಮುಂದೆ ಎರಡಡಿ ಬರಿ ನೆಲ ಉಳಿಯುತ್ತೆ, ಅಡಿಗೆಮನೆಗೆ ಹೋಗಿಬರುವವರು ಕಾರ್ಪೆಟ್ ತುಳಿಯದೆ ಅಲ್ಲೇ ಓಡಾಡುತ್ತಾರೆ. ಅದೇ ಜಾಗಕ್ಕೆ 8×10 ತಂದು ಮುಂಗಾಲು ಮಾತ್ರ ಮೇಲಿಟ್ಟರೆ ಕಾರ್ಪೆಟ್ಟಿನ ಅಂಚು ಟಿವಿ ಸ್ಟ್ಯಾಂಡಿಗೆ ಹೋಗಿ ಮುಟ್ಟುತ್ತೆ, ನಡೆಯಲು ನೆಲವೇ ಇರಲ್ಲ. ಆಗ ಇಡೀ ಸೋಫಾವನ್ನೇ ಮೇಲೆ ತರಬೇಕಾಗುತ್ತೆ.

ತೂಕದಲ್ಲೂ 6×9 ನಡುವಿನದು. ಹತ್ತಿ ಜಮಖಾನವಾದರೆ ಒಬ್ಬರೇ ಎತ್ತಬಹುದು. ಉಣ್ಣೆಯದಾದರೆ ಇಬ್ಬರು ಬೇಕು, ಆದರೆ ಆ ಇಬ್ಬರು ಗಂಡ-ಹೆಂಡತಿಯೇ ಆದರೂ ಸಾಕು.

8×10 ಬೇಕಾಗೋದು ಎಲ್ ಆಕಾರದ ಸೋಫಾ ಇದ್ದಾಗ, ಎದುರುಬದುರು ಆಸನ ಇದ್ದಾಗ, ಹಾಲು 14×18ರ ಮೇಲೆ ಇದ್ದಾಗ. ಎಲ್ಲರ ಕಾಲೂ ಒಂದೇ ಹಾಸಿನ ಮೇಲೆ ಇರುತ್ತೆ, ನೋಡೋಕೆ ತುಂಬಿದಂತೆ ಕಾಣುತ್ತೆ. ಗೋಡೆಯಿಂದ ಒಂದು, ಒಂದೂವರೆ ಅಡಿಯಾದರೂ ನೆಲ ಕಾಣುವಂತಿರಲಿ, ಇಲ್ಲವಾದರೆ ಕೋಣೆಗೆ ಅಳತೆ ತಪ್ಪಿ ಹೊಲಿಸಿದ ಅಂಗಿ ತೊಡಿಸಿದ ಹಾಗೆ. ಹೋಮ್‌ಸ್ಟೇ ಇಟ್ಟವರು ಇದನ್ನೇ ಹೆಚ್ಚು ಕೇಳುತ್ತಾರೆ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅಂತ. ಬರುತ್ತೆ, ನಿಜ. ಆದರೆ ಅತಿಥಿಗಳು ಬರೋದೇ ಮಳೆ ನೋಡೋಕೆ. ಕೆಸರು ಮೆಟ್ಟಿದ ಕಾಲಿನಲ್ಲಿ ಒಳಗೆ ಬರುತ್ತಾರೆ, ಸಾಕ್ಸು ಬಿಚ್ಚಿ ಇಂಬಳ (ಜಿಗಣೆ) ಹುಡುಕೋಕೆ ಕೂರೋದೂ ಅಲ್ಲೇ.

ಅಂಥವರಿಗೆ ನಾನು ಹೇಳೋದು: ಒಂದು 8×10ರ ಬದಲು ಎರಡು 5×8. ಚದರಡಿ ಲೆಕ್ಕದಲ್ಲಿ ಎರಡೂ ಒಂದೇ, 80. ಎರಡು ಕಡೆ ಆಸನ ಬೇರೆ ಬೇರೆ ಹಾಕಿ ಒಂದೊಂದರ ಕೆಳಗೆ ಒಂದೊಂದು ಹಾಸಿ. ಒಂದು ಒಗೆದಾಗ ಇನ್ನೊಂದು ನೆಲದ ಮೇಲಿರುತ್ತೆ, ಒಂದು ಹಾಳಾದರೆ ಅರ್ಧ ದುಡ್ಡು ಮಾತ್ರ ಹೋಯಿತು. ಅಂಚಿಗೆ ಅಂಚು ಕೂಡಿಸಿ ಒಂದೇ ದೊಡ್ಡದರಂತೆ ಮಾಡೋಕೆ ಮಾತ್ರ ಹೋಗಬೇಡಿ, ನಡುವಿನ ಗೆರೆಯಲ್ಲೇ ಎಲ್ಲರೂ ಎಡವುತ್ತಾರೆ.

9×12 ತೋಟದ ಬಂಗಲೆಗಳ ದೊಡ್ಡ ಹಜಾರಕ್ಕೆ. ಎತ್ತಿ ಹಾಕೋಕೆ ಆಳುಗಳಿದ್ದರೆ, ಬಿಸಿಲಿಗೆ ಹರಡೋಕೆ ಕಾಫಿ ಕಣ ಇದ್ದರೆ ಖಂಡಿತ ತಗೊಳ್ಳಿ. ಕಣದ ಬಗ್ಗೆ ಒಂದು ಮಾತು: ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಕಾಫಿ ಹರಡಿರುತ್ತೆ, ಕಾರ್ಪೆಟ್ಟಿಗೆ ಜಾಗ ಯಾರೂ ಕೊಡಲ್ಲ. ಮಾರ್ಚಿ, ಏಪ್ರಿಲ್ಲೇ ಗತಿ.

ಮಲಗುವ ಕೋಣೆಗೆ ಲೆಕ್ಕ ಬೇರೆ

ಕ್ವೀನ್ ಮಂಚದ ಹಾಸಿಗೆ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಕಿಂಗ್ ಆದರೆ 6 ಅಡಿ ಅಗಲ. ಕಾರ್ಪೆಟ್ಟನ್ನು ಅಡ್ಡಡ್ಡ, ಅಂದರೆ ಅದರ ಉದ್ದದ ಬದಿ ತಲೆದಿಂಬಿನ ಗೋಡೆಗೆ ಸಮನಾಗಿ ಬರುವಂತೆ, ಮಂಚದ ಕಾಲಿನ ಕಡೆಯ ಭಾಗಕ್ಕೆ ತೂರಿಸಬೇಕು. 6×9 ಆದರೆ ಕ್ವೀನ್ ಮಂಚದ ಎರಡೂ ಕಡೆ ಎರಡೆರಡು ಅಡಿ ಹೊರಗಿರುತ್ತೆ, ಕಿಂಗ್‌ಗೆ ಒಂದೂವರೆ ಅಡಿ. 8×10 ತಂದರೆ ಕಿಂಗ್‌ಗೂ ಎರಡೆರಡು ಅಡಿ ಸಿಗುತ್ತೆ, ಆದರೆ ನಮ್ಮ 10×12ರ ಕೋಣೆಗಳಲ್ಲಿ ಅದು ವಾರ್ಡ್‌ರೋಬಿನ ಬುಡಕ್ಕೇ ಬಂದು ನಿಲ್ಲುತ್ತೆ.

ನನ್ನ ಪ್ರಕಾರ ಎರಡೂ ಬೇಡ. ಮಂಚದ ಎರಡು ಪಕ್ಕಕ್ಕೂ ಎರಡೂವರೆ ಅಡಿ ಅಗಲ, ಐದಾರು ಅಡಿ ಉದ್ದದ ಎರಡು ಪಟ್ಟಿ ಹಾಕಿ. ಕಾಲಿಗೆ ಬೇಕಾದ ಕಡೆ ಮಾತ್ರ ಹಾಸು, ಮಂಚದಡಿ ಕಸ ಹೊಡೆಯೋಕೂ ಆಗುತ್ತೆ. ದೊಡ್ಡ ಕಾರ್ಪೆಟ್ಟಿನ ಅರ್ಧಕ್ಕರ್ಧ ಮಂಚದಡಿ ಕತ್ತಲಲ್ಲಿ ಬಿದ್ದು ಬೂಷ್ಟು ಸಾಕೋದಕ್ಕೆ ದುಡ್ಡು ಯಾಕೆ ಕೊಡಬೇಕು?

ಊಟದ ಮೇಜಿನಡಿಗೆ ನಿಯಮ ಏನಂದರೆ ಮೇಜಿನ ಸುತ್ತ ಎರಡೆರಡು ಅಡಿ ಹೆಚ್ಚಿರಬೇಕು, ಕುರ್ಚಿ ಹಿಂದಕ್ಕೆಳೆದರೂ ಕಾಲು ಅಂಚಿನಿಂದ ಇಳಿಯಬಾರದು. 3×5ರ ಮೇಜಿಗೆ 7×9 ಆಯಿತು, ಅಂದರೆ ಅಂಗಡಿಯಲ್ಲಿ 8×10ಕ್ಕೇ ಹೋಗಬೇಕು. ಸಾರು, ಮಜ್ಜಿಗೆ, ಉಪ್ಪಿನಕಾಯಿ ಎಣ್ಣೆ ಬೀಳುವ ಜಾಗಕ್ಕೆ 8×10. ನಾನಂತೂ ಹಾಕಲ್ಲ.

ವಯಸ್ಸಾದವರಿರುವ ಮನೆಯವರು ಇದನ್ನೊಂದು ಗಮನಿಸಿ. ನುಣುಪು ಕಾವಿ ನೆಲದ ಮೇಲೆ 2×3, 3×5ರ ಸಣ್ಣ ತುಂಡುಗಳನ್ನು ಅಲ್ಲಲ್ಲಿ ಎಸೆದಂತೆ ಹಾಕಬೇಡಿ. ಅಂಚು ಮಡಚುತ್ತೆ, ಜಾರುತ್ತೆ. ಒಂದೋ ಅಂಚುಗಳು ಸೋಫಾದಡಿ, ಮಂಚದಡಿ ಸೇರುವಷ್ಟು ದೊಡ್ಡದು ಹಾಕಿ, ಇಲ್ಲ ಬರಿ ನೆಲವೇ ಇರಲಿ. ಜಾರದಂತೆ ಅಡಿಗೆ ಹಾಕುವ ಜಾಲರಿ ಮ್ಯಾಟು ಕಾರ್ಪೆಟ್ಟಿಗಿಂತ ಸುತ್ತಲೂ ಒಂದೆರಡು ಇಂಚು ಚಿಕ್ಕದಿರಬೇಕು. ರಬ್ಬರಿನದು ಮಳೆಗಾಲದಲ್ಲಿ ತೇವ ಹಿಡಿದಿಟ್ಟು ನೆಲದ ಮೇಲೆ ಗುರುತು ಬಿಡಬಹುದು, ಜೂನಿಗೆ ಮುಂಚೆ ಅದನ್ನೂ ಎತ್ತಿಡಿ.

ದುಡ್ಡು ಇಷ್ಟೇ ಇದೆ ಅಂದರೆ

5,000 ರೂಪಾಯಿಗೆ ಚಿಕ್ಕ ಉಣ್ಣೆಯದೋ, ದೊಡ್ಡ ಹತ್ತಿಯದೋ? ನನ್ನ ಮತ ದೊಡ್ಡ ಹತ್ತಿಯದಕ್ಕೆ. ಚಿಕ್ಕದಾದದ್ದು ಎಷ್ಟು ಒಳ್ಳೆಯದಾದರೂ ಚಿಕ್ಕದೇ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ ಜಮಖಾನಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಇಂಥ ಚಪ್ಪಟೆ ನೇಯ್ಗೆಗೆ ಅಡಿಯಲ್ಲಿ ಅಂಟು ಬಳಿದಿರುವುದಿಲ್ಲ, ಬೇಗ ಒಣಗುತ್ತೆ, ಮಡಚಿ ಅಟ್ಟಕ್ಕೂ ಹಾಕಬಹುದು. ಟಫ್ಟೆಡ್ ಅಂತ ಮಾರುವ ಮೆತ್ತನೆಯವುಗಳಲ್ಲಿ ನೂಲನ್ನು ಹಿಡಿದಿರೋದು ಅಡಿಗೆ ಬಳಿದ ರಬ್ಬರ್ ಅಂಟು. ತೇವ ಕೂತರೆ ಮೊದಲು ವಾಸನೆ ಬರೋದು ಅದಕ್ಕೇ, ವರ್ಷ ಕಳೆದಂತೆ ಅದು ಪುಡಿಪುಡಿಯಾಗಿ ಉದುರುತ್ತೆ. ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರದ ಕಡೆ ಕೈಯಲ್ಲೇ ಒಂದೊಂದು ಗಂಟು ಹಾಕಿ ನೇಯ್ದ ಕಾರ್ಪೆಟ್ಟಿಗೆ ಈ ಅಂಟಿನ ಕಾಟವಿಲ್ಲ, ಆದರೆ ಬೆಲೆ ಕೇಳಿದ ಮೇಲೆ 6×9 ಆಸೆ 4×6ಕ್ಕೆ ಇಳಿಯುತ್ತೆ.

ಇನ್ನೊಂದು ದಾರಿ, ದೊಡ್ಡ ಈಚಲು ಚಾಪೆ ಹಾಸಿ ಅದರ ಮೇಲೆ ಇರುವ ಚಿಕ್ಕ ಕಾರ್ಪೆಟ್ ಹಾಕೋದು. ನನ್ನ 4×6 ಅತ್ತೆಯ ಕೋಣೆಗೆ ಹೋಗುವ ಮೊದಲು ಒಂದು ಚಳಿಗಾಲ ಹಾಗೇ ಇತ್ತು. ಬಂದವರೆಲ್ಲ ಬೇಕೆಂದೇ ಮಾಡಿದ್ದು ಅಂದುಕೊಂಡರು.

ತರುವ ಮುಂಚೆ ಬೀರುವಿನಿಂದ ಎರಡು ಬೆಡ್‌ಶೀಟ್ ತೆಗೆಯಿರಿ. ಸಿಂಗಲ್ ಬೆಡ್‌ಶೀಟ್ ಸಾಮಾನ್ಯವಾಗಿ 60×90 ಇಂಚು, ಅಂದರೆ 5×8ಕ್ಕೆ ಅರ್ಧ ಅಡಿ ಕಮ್ಮಿ. ಡಬಲ್ ಬೆಡ್‌ಶೀಟ್ 90×108 ಇದ್ದರೆ ಏಳೂವರೆ-ಒಂಬತ್ತು ಅಡಿ. ಅಗಲದಲ್ಲಿ ಒಂದೂವರೆ ಅಡಿ ಮಡಚಿದರೆ 6×9 ಸಿದ್ಧ. ಹಾಸಿ ಎರಡು ದಿನ ಬಿಡಿ. ಯಾರು ಎಲ್ಲಿ ಎಡವುತ್ತಾರೆ, ಯಾವ ಬಾಗಿಲು ತಾಗುತ್ತೆ, ಎಲ್ಲಾ ಗೊತ್ತಾಗುತ್ತೆ. ಎರಡಡಿ ಟೈಲ್ಸ್ ಇರುವ ಮನೆಯಾದರೆ ಎಣಿಸಿದರೂ ಸಾಕು: ಮೂರು ಟೈಲ್ಸ್ ಅಗಲ, ನಾಲ್ಕೂವರೆ ಟೈಲ್ಸ್ ಉದ್ದ ಅಂದರೆ 6×9.

ಆನ್‌ಲೈನಿನಲ್ಲಿ ತರಿಸುವವರು ಸೆಂಟಿಮೀಟರ್ ಓದಿ, ಹೆಸರು ಓದಬೇಡಿ. 160×230 ಅಂತ ಇರೋದನ್ನ ಕೆಲವರು 5×7 ಅಂತಲೂ ಕೆಲವರು 5×8 ಅಂತಲೂ ಮಾರುತ್ತಾರೆ, ನಿಜಕ್ಕೂ ಅದು ಐದೂಕಾಲು-ಏಳೂವರೆ ಅಡಿ. ನಿಮ್ಮ ಸೋಫಾ ಏಳಡಿ ಇದ್ದರೆ ಆ ಅರ್ಧ ಅಡಿ ಮುಖ್ಯ. ಅಂಚಿನ ದಾರದ ಗೊಂಡೆ ಅಳತೆಯೊಳಗೆ ಸೇರಿದೆಯಾ ಅಂತಲೂ ಕೇಳಿ. ಕೈಯಲ್ಲಿ ಮಾಡಿದ್ದರಲ್ಲಿ ಒಂದೆರಡು ಇಂಚು ಆಚೀಚೆ ಆಗುವುದು ಸಹಜ, ಅದಕ್ಕೆ ಜಗಳ ಬೇಡ.

ಮಳೆ ಕಡೆಯವರು ಅಟ್ಟವನ್ನೂ ಒಂದು ಸಲ ಅಳೆದುಕೊಳ್ಳಿ. 6×9 ಸುತ್ತಿದರೆ ಆರಡಿ ಉದ್ದದ ಕೊಳವೆ, 8×10 ಆದರೆ ಎಂಟಡಿ. ಜೂನಿನಿಂದ ಹಸ್ತ ಮಳೆ ಮುಗಿಯೋವರೆಗೆ ಅದು ಮಲಗಿರಬೇಕು, ಗೋಡೆಗೆ ಒರಗಿಸಿ ನಿಲ್ಲಿಸಿದರೆ ನಡುವೆ ಬಾಗುತ್ತೆ. ಚೆನ್ನಾಗಿ ಬಿಸಿಲು ಕಾಣಿಸಿ, ನೂಲಿನ ಮುಖ ಒಳಗೆ ಬರುವಂತೆ ಸುತ್ತಿ, ನಾಲ್ಕು ನುಸಿಗುಳಿಗೆ ಹಾಕಿ, ಹಳೇ ಪಂಚೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತೆ. ಅಣ್ಣ ಈಗ 9×12 ಮಾರಿ ಎರಡು ಜಮಖಾನ ತಂದಿದ್ದಾನೆ. ಅತ್ತಿಗೆ ಅವನ್ನು ಮೇ ಕೊನೆಯ ವಾರ ಒಬ್ಬರೇ ಮಡಚಿ ಅಟ್ಟಕ್ಕೆ ಹಾಕುತ್ತಾರೆ, ದೀಪಾವಳಿಗೆ ಇಳಿಸುತ್ತಾರೆ.